ಒತ್ತಡಕ್ಕೊಳಗಾದ ಬೆಳ್ಳಿಯ ಕಣ

ಪ್ರಶ್ನೆ: ಬೆಳ್ಳಿಯ ಅತಿಸೂಕ್ಷ್ಮ ಕಣವನ್ನು ಬಲವಾಗಿ ಅದುಮಿದರೆ ಅದರ ಒಳರಚನೆ ಬದಲಾಗುವುದೇ? (ವಾಚಕರೊಬ್ಬರು, ಶೇಡಬಾಳ)

ಉತ್ತರ: ಬದಲಾಗುವುದುಂಟು. ನಿಮ್ಮ ಸೀಮೆಗೆ ದೂರವಲ್ಲದ ಹುಪರಿಯಲ್ಲಿ ಗೆಜ್ಜೆಯಾಗುವ ಗಟ್ಟಿ ಬೆಳ್ಳಿಯ ಘನಾಕೃತಿಯ ಪರಮಾಣುಜಾಲವು ಒತ್ತಡಕ್ಕೆ ಕುಗ್ಗುವುದೇ ಹೊರತು ಆಕೃತಿಗೆಡದು. ಆದರೆ 5ರಿಂದ 10 ನ್ಯಾನೋಮೀಟರ್ ಗಾತ್ರದ ಕಣಗಳನ್ನು ಎರಡು ವಜ್ರಗಳ ನಡುವೆ, ವಾಯುಮಂಡಲದ ಒತ್ತಡಕ್ಕಿಂತ ಸುಮಾರು ಲಕ್ಷ ಪಟ್ಟಿನವರೆಗೆ ಅದುಮಿ, ಕ್ಷಕಿರಣಗಳಿಂದ ಪರೀಕ್ಷಿಸಿದ ವಿಜ್ಞಾನಿಗಳು, ಆ ಘನಾಕೃತಿಯು ಕರ್ಣದ ದಿಕ್ಕಿನಲ್ಲಿ ಓರೆಗೊಳ್ಳುವುದನ್ನೂ, ಒತ್ತಡವಳಿದೊಡನೆ ಪೂರ್ವಸ್ಥಿತಿಗೆ ಮರಳುವುದನ್ನೂ 2008ರಲ್ಲಿ ವರದಿಮಾಡಿದರು. ಇಂಥ ಕಣವು ಏಕಸ್ಫಟಿಕವಾಗಿರದೆ, ಇಪ್ಪತ್ತು ಚತುರ್ಮುಖಿಗಳು ಕೂಡಿ ಹುಟ್ಟಿನಿಂದಲೇ ಒಳಬಿಗಿತವನ್ನು ಹೊತ್ತಿರುವುದೇ ಇದಕ್ಕೆ ಕಾರಣವೆಂಬುದು ಅವರ ಊಹೆ. ಏಕಸ್ಫಟಿಕವಾದ ಪ್ಲಾಟಿನಂ ಕಣಗಳಲ್ಲಿ ಈ ವಿಕಾರವು ಕಾಣಿಸದಿದ್ದುದರಿಂದ, ಕಿರಿದಾಗಿರುವುದೊಂದೇ ಕಾರಣವಲ್ಲವೆಂಬ ಆ ಊಹೆ ನನಗೂ ಸಮಂಜಸವೆನಿಸುತ್ತದೆ.