ಕಬ್ಬಿನ ಕಟಾವೂ ಹೆಣ್ಣಾಳುಗಳ ಗರ್ಭಕೋಶದ ಆರೋಗ್ಯವೂ

ಎತ್ತು ಕುಂಟಿದ ದಿನವೇ ಪಶುವೈದ್ಯರನ್ನು ಕರೆಸುವ ಜಮೀನುದಾರರು ಹೊಲದ ಹೆಣ್ಣಾಳಿನ ಕಿಬ್ಬೊಟ್ಟೆನೋವನ್ನು ವಿಚಾರಿಸುವುದು ಅಪರೂಪ. ಈ ಉದಾಸೀನದ ಫಲವು ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಕಂಡುಬಂದಿದೆ. ಅಲ್ಲಿಂದ ಕಬ್ಬಿನ ಕಟಾವಿಗಾಗಿ ಕರ್ನಾಟಕಕ್ಕೂ ಕುಟುಂಬಗಳು ಬರುತ್ತವೆ. 2019ರಲ್ಲಿ ಆ ಸರ್ಕಾರವು ನೇಮಿಸಿದ ಸಮಿತಿಯು ಜಿಲ್ಲೆಯ 82,309 ಹೆಣ್ಣಾಳುಗಳನ್ನು ವಿಚಾರಿಸಲಾಗಿ, 13,861 ಮಂದಿ ಗರ್ಭಕೋಶವನ್ನು ತೆಗೆಸಿಕೊಂಡಿದ್ದುದು ತಿಳಿದುಬಂದಿತು.

ಇದಕ್ಕೆ ರೋಗದಷ್ಟೇ ಕೂಲಿಯ ಕಟ್ಟಳೆಯೂ ಕಾರಣ. ಗಂಡಹೆಂಡಿರನ್ನು ಒಂದೇ ಜೋಡಿಯೆಂದೆಣಿಸಿ ಮುಕಾದಮನು ಮುಂಗಡ ಕೊಡುವನು. ಒಬ್ಬರು ಒಂದು ದಿನ ತಪ್ಪಿದರೂ ದಂಡ ಹಿಡಿಯುವನು. ಬಿಡಾರದಲ್ಲಿ ಶೌಚಗೃಹವಿಲ್ಲ, ಸಾಕಷ್ಟು ನೀರಿಲ್ಲ. ಮುಟ್ಟಿನ ದಿನಗಳಲ್ಲಿಯೂ ಹೊರೆ ಹೊರಲೇಬೇಕು. ಬಿಳಿಸೆರಗು, ಅತಿಸ್ರಾವಗಳು ತೋರಿದಾಗ ವೈದ್ಯರಲ್ಲಿಗೆ ಹೋಗಲು ಬಿಡುವಿಲ್ಲದೆ, ಕಡೆಗೆ ಒಂದು ಶಸ್ತ್ರಕ್ರಿಯೆಯಿಂದ ಎಲ್ಲವೂ ಮುಗಿಯುವುದೆಂಬ ಮಾತಿಗೆ ಒಪ್ಪುವರು.

ಅದು ಮುಗಿಯತಕ್ಕದ್ದಲ್ಲ. ಬಿಳಿಸೆರಗಿಗೆ ಕಾರಣವಾದ ಸೋಂಕುಗಳು ಸಾಮಾನ್ಯವಾಗಿ ಮಾತ್ರೆಗಳಿಂದಲೇ ವಾಸಿಯಾಗುವುವು. ಜಾರಿದ ಗರ್ಭಕೋಶವನ್ನು ಎಷ್ಟೋ ವೇಳೆ ಉಂಗುರವಿಟ್ಟು ತಡೆಯಬಹುದು. ಎಳೆ ವಯಸ್ಸಿನಲ್ಲಿ ಅಂಡಾಶಯಗಳನ್ನೂ ತೆಗೆದುಬಿಟ್ಟರೆ ಎಲುಬುಗಳು ಬೇಗನೆ ಸವೆಯುವುವು. ಆ ಮೇಲೆ ಹೊರೆ ಹೊರುವವರಾರು?

ಗ್ರಾಮದ ಮುಖಂಡರೂ ಜಮೀನುದಾರರೂ ಮಾಡತಕ್ಕದ್ದು ದುಬಾರಿಯಾದ ಕೆಲಸವಲ್ಲ. ಕಟಾವಿನ ಕರಾರಿನಲ್ಲಿಯೇ ವೈದ್ಯಪರೀಕ್ಷೆಯ ದಿನಕ್ಕೆ ದಂಡವಿಲ್ಲವೆಂದು ಬರೆಯಿಸಬೇಕು. ಬಿಡಾರದ ಬಳಿ ಮರೆಯನ್ನೂ ನೀರನ್ನೂ ಒದಗಿಸಬೇಕು. ಆಶಾ ಕಾರ್ಯಕರ್ತೆಗೆ ಹೇಳಿಕಳುಹಿಸಿ, ಮೂವತ್ತು ವರ್ಷ ದಾಟಿದವರಿಗೆ ಗರ್ಭಕೊರಳಿನ ಕ್ಯಾನ್ಸರ್ ಪರೀಕ್ಷೆಯನ್ನೂ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಬೇಕು. ಹೆಂಗಸು ವೈದ್ಯರು ಇರುವ ದಿನವನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಅವಶ್ಯ. ಇಲ್ಲವಾದರೆ ಬಂದವರು ನಾಚಿ ಬಾಗಿಲಿನಿಂದಲೇ ಹಿಂದಿರುಗುವರು.