ಹೇಳದೆ ಬರುವ ಸಾವು, ಕಾಯದ ದೇಹ

1967ರ ಜನವರಿ 12ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಬೆಡ್‌ಫರ್ಡ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ದೇಹವನ್ನು ಸುಡಲಿಲ್ಲ, ಹೂಳಲೂ ಇಲ್ಲ. ಮುಂದೊಂದು ದಿನ ವಿಜ್ಞಾನ ಬದುಕಿಸೀತು ಎಂಬ ಆಸೆಯಿಂದ ಶೈತ್ಯದಲ್ಲಿ ಕಾದಿಡಲಾಯಿತು. ಅದೀಗ ಅರಿಜೋನಾದ ಆಲ್ಕರ್ ಸಂಸ್ಥೆಯಲ್ಲಿ, ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿದೆ. ಈ ವಿಧಾನಕ್ಕೆ ಕ್ರಯೋನಿಕ್ಸ್ ಎಂದು ಹೆಸರು. ಹೀಗೆ ಇಟ್ಟವರಲ್ಲಿ ಈವರೆಗೆ ಯಾರೂ ಎದ್ದು ಬಂದಿಲ್ಲ.

ಬೆಡ್‌ಫರ್ಡ್ ಅವರಿಗೆ ಸಾವು ಹತ್ತಿರವಾದದ್ದು ಗೊತ್ತಿತ್ತು. ಆದರೆ ಅಪಘಾತದಲ್ಲೋ ಹೃದಯಾಘಾತದಲ್ಲೋ ದಿಢೀರನೆ ಸತ್ತರೆ?

ಮೊದಲ ಶತ್ರು ಗಡಿಯಾರ. ರಕ್ತ ಸಂಚಾರ ನಿಂತ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿ ಶುರುವಾಗುತ್ತದೆ. ಆದರೆ ವೈದ್ಯರು ಸಾವನ್ನು ಘೋಷಿಸುವವರೆಗೆ ದೇಹವನ್ನು ಮುಟ್ಟುವಂತಿಲ್ಲ. ಆದ್ದರಿಂದ ತಂಡವೊಂದು ರೋಗಿಯ ಹಾಸಿಗೆಯ ಬಳಿಯೇ ಕಾದಿರುತ್ತದೆ. ಘೋಷಣೆಯಾದೊಡನೆ ದೇಹವನ್ನು ಮಂಜುಗಡ್ಡೆಯ ನೀರಿನಲ್ಲಿ ಇಳಿಸಿ, ಯಂತ್ರದಿಂದ ಎದೆಯೊತ್ತಿ, ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಡುತ್ತದೆ. ಆಮೇಲೆ ರಕ್ತ ತೆಗೆದು, ಜೀವಕೋಶಗಳಲ್ಲಿ ಹಿಮದ ಹರಳು ಮೂಡದಂತೆ ತಡೆಯುವ ದ್ರಾವಣ ತುಂಬುತ್ತಾರೆ. ದಿಢೀರ್ ಸಾವಿನಲ್ಲಿ ಈ ತಂಡ ಎಲ್ಲೋ ದೂರದಲ್ಲಿರುತ್ತದೆ. ಅದು ಬರುವಷ್ಟರಲ್ಲಿ ರಕ್ತ ಹೆಪ್ಪುಗಟ್ಟಿ, ದ್ರಾವಣ ಮೆದುಳಿಗೆ ಸರಿಯಾಗಿ ತಲುಪದಂತಾಗುತ್ತದೆ. ಇದಕ್ಕಾಗಿಯೇ ಆಲ್ಕರ್‌ನ ಸದಸ್ಯರು ತುರ್ತು ಸೂಚನೆ ಕೆತ್ತಿದ ಕೈಪಟ್ಟಿ ಧರಿಸುತ್ತಾರೆ.

ಎರಡನೆಯದು ಕಾನೂನು. ಕಾರಣ ತಿಳಿಯದ ಸಾವಾದರೆ ಮರಣೋತ್ತರ ಪರೀಕ್ಷೆಗೆ ಅಧಿಕಾರಿಗಳು ಆದೇಶಿಸಬಹುದು. ಆಗ ಉಳಿಸಬೇಕೆಂದ ಮೆದುಳಿಗೇ ಕತ್ತರಿ ಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಧಾರ್ಮಿಕ ನಂಬಿಕೆಯ ಕಾರಣ ಕೊಟ್ಟು ಪರೀಕ್ಷೆ ಬೇಡವೆಂದು ಮೊದಲೇ ಬರೆದಿಡಬಹುದು. ಆದರೆ ಅಪರಾಧದ ಶಂಕೆಯಿದ್ದರೆ ಆ ಪತ್ರ ನಡೆಯದು.

ಮೂರನೆಯದು ಮನೆಯವರು. ಬೇಸ್‌ಬಾಲ್ ತಾರೆ ಟೆಡ್ ವಿಲಿಯಮ್ಸ್ 2002ರ ಜುಲೈನಲ್ಲಿ ತೀರಿಕೊಂಡಾಗ ದೇಹ ಆಲ್ಕರ್ ಸೇರಿತು. ಉಯಿಲಿನಲ್ಲಿ ದಹನವೆಂದಿದೆ ಎಂದು ಹಿರಿಯ ಮಗಳು ಪಟ್ಟು ಹಿಡಿದರು. ಮಗ ಮತ್ತು ಕಿರಿಯ ಮಗಳು ತಂದೆಯ ಸಹಿಯಿದ್ದ ಚೀಟಿ ತೋರಿಸಿದರು. ಡಿಸೆಂಬರ್‌ವರೆಗೂ ವ್ಯಾಜ್ಯ ನಡೆಯಿತು.

ಕೊನೆಯದು ಹಣ. ಇಡೀ ದೇಹಕ್ಕೆ ಆಲ್ಕರ್‌ನಲ್ಲಿ 2 ಲಕ್ಷ ಡಾಲರಿಗೂ ಹೆಚ್ಚು ಬೇಕು. ಬಹುತೇಕರು ಇದನ್ನು ಜೀವವಿಮೆಯಿಂದ ಹೊಂದಿಸುತ್ತಾರೆ. ಸತ್ತ ಮೇಲೆ ವಿಮೆ ಮಾಡಿಸಲಾಗದು. ಸಹಿ ಹಾಕದೆ ಸತ್ತವರ ಪರವಾಗಿ ಬಂಧುಗಳು ಅಷ್ಟು ಹಣವನ್ನು ಗಂಟೆಗಳಲ್ಲಿ ಒದಗಿಸಬೇಕು.

ಸಾವನ್ನು ಗೆಲ್ಲಹೊರಟವರ ಈ ಏರ್ಪಾಡೆಲ್ಲ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಸಾವು ಮೊದಲೇ ಹೇಳಿ ಕಳಿಸಿ, ಆಮೇಲೆ ಬರುತ್ತದೆ ಎಂಬುದು.