ಅಂಚೆಯಲ್ಲಿ ತರಿಸಿದ ಮನೆ

ಮನೆಯನ್ನೂ ಅಂಚೆಯ ಮೂಲಕ ತರಿಸಿಕೊಳ್ಳಬಹುದೆಂದರೆ ಓದುಗರು ಅಚ್ಚರಿಪಟ್ಟಾರು. ಅಮೆರಿಕದ ಚಿಕಾಗೋ ನಗರದ ಸಿಯರ್ಸ್ ರೋಬಕ್ ಸಂಸ್ಥೆಯು 1908ರಿಂದ 1940ರವರೆಗೆ ಇಂತಹ ಸುಮಾರು 70,000 ಮನೆಗಳನ್ನು ಮಾರಿತು. ಗೃಹಸ್ಥರು ಚಿತ್ರಪುಸ್ತಕ ನೋಡಿ ಬೇಡಿಕೆ ಕಳುಹಿಸಿದರೆ ಮರಮುಟ್ಟು, ಬಾಗಿಲು, ಮೊಳೆ, ಬಣ್ಣಗಳು ರೈಲಿನಲ್ಲಿ ಬರುತ್ತಿದ್ದವು. ಕೈಪಿಡಿ ಹಿಡಿದು ಅನೇಕರು ತಾವೇ ಕಟ್ಟಿಕೊಂಡರು.

ಸಂಸ್ಥೆಯೇ ಸಾಲವನ್ನೂ ಕೊಟ್ಟಿತು. 1929ರ ಬಳಿಕದ ಆರ್ಥಿಕ ಕುಸಿತದಲ್ಲಿ ದುಡಿಮೆಯಿಲ್ಲದೆ ಕಂತು ನಿಂತಿತು. ಎಷ್ಟೋ ಕುಟುಂಬಗಳು ಕೈಯಾರೆ ಕಟ್ಟಿದ ಮನೆಯನ್ನು ಮಾರಿದವರಿಗೇ ಒಪ್ಪಿಸಬೇಕಾಯಿತು.

ಮಾರಾಟದ ದಾಖಲೆಗಳು ನಾಶವಾಗಿವೆ. ಇಂದಿನ ಒಡೆಯರು ನೆಲಮಾಳಿಗೆಗಿಳಿದು, ತೊಲೆಗಳ ಮೇಲೆ ಒತ್ತಿದ ಅಂಕಿಯನ್ನು ಹುಡುಕಿ ಮನೆಯ ಮೂಲವನ್ನರಿಯುತ್ತಾರೆ. ಬೆವರು ಸುರಿಸಿದವರ ಹೆಸರಾದರೋ ಅಲ್ಲಿಲ್ಲ. ಮನೆ ಕಟ್ಟುವವರು ಮರದ ಅಳತೆಯೊಡನೆ ಸಾಲದ ಅಳತೆಯನ್ನೂ ಅರಿತಿರಲೆಂಬುದು ನಮ್ಮ ಬಿನ್ನಹ.